ಗುಮ್ಮಟನ್ಯಾಯವೆಂಬ ಉತ್ತರಪತ್ರಿಕಾ ಮೀಮಾಂಸೆ

ಪೀಠಿಕೆ: ಮುಹಮ್ಮದ್ ಆದಿಲ್‌ಶಾಹ (1627–1656) ತನ್ನ ಸಮಾಧಿಗೆಂದು ವಿಜಯಪುರದಲ್ಲಿ ಗೋಳಗುಮ್ಮಟ ಕಟ್ಟಿಸಿದನೆಂಬುದು ಇತಿಹಾಸಕಾರರ ಅಲ್ಪಜ್ಞಾನ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಉತ್ತರ ಬರೆಯುವ ಕ್ರಮ ತೋರಿಸಲೆಂದೇ ಅದು ಎದ್ದದ್ದು. ಒಳಗೆ ಒಮ್ಮೆ ಕೂಗಿದ್ದು ಏಳು ಸಲ ಮರಳುತ್ತದೆಂದು ಪ್ರತೀತಿ. ಕೇಳಿದ್ದನ್ನೇ ಮರಳಿಸುವುದು ಉತ್ತರ, ಇದೇ ಗುಮ್ಮಟನ್ಯಾಯ.

ಇತಿಹಾಸ: ‘ತಾಳಿಕೋಟೆ ಕದನದ ಪರಿಣಾಮಗಳೇನು?’ ಉತ್ತರ: ‘1565ರಲ್ಲಿ ತಾಳಿಕೋಟೆ ಕದನ ನಡೆಯಿತು. ಅದರಿಂದ ಅನೇಕ ಪರಿಣಾಮಗಳಾದವು. ಆ ಪರಿಣಾಮಗಳು ಮಹತ್ವದವು.’ ವಿಜಯನಗರ ಹಾಳಾದ ಸುದ್ದಿಯೇ ಇಲ್ಲ, ಹಾಳೆ ಮಾತ್ರ ತುಂಬಿತು. ‘ಎಷ್ಟ ಬರೀಬೇಕ್ರೀ ಸರ?’ ಎಂಬ ಶಿಷ್ಯನಿಗೆ ‘ಹಾಳಿ ತುಂಬಸಪಾ’ ಎಂಬುದೇ ಗುರುವಾಕ್ಯ.

ಗಣಿತ: ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅರ್ಧಗೋಳವೆಂದು ಹಿಡಿದು, ಪೈಗೆ 22/7 ಹಾಕಿದರೆ ಮೇಲ್ಮೈ 3042.28 ಚದರ ಮೀಟರಿಗೆ ಬಂದು, ಅಲ್ಲಿಗೂ ನಿಲ್ಲದೆ ದಶಮಾಂಶಗಳು ಸಾಲುಗಟ್ಟುತ್ತವೆ. ತ್ರಿಜ್ಯ 22ರ ಬದಲು 21 ಇಟ್ಟಿದ್ದರೆ 7ರಿಂದ ಹೊಡೆದುಹೋಗಿ ಚೊಕ್ಕ 2772 ಬರುತ್ತಿತ್ತು. ಶಿಲ್ಪಿ ಯಾಕೂತನಿಗೆ ಮಕ್ಕಳ ಮೇಲೆ ಕರುಣೆಯಿರಲಿಲ್ಲ.

ಕನ್ನಡ: ‘ನಿಮ್ಮನ್ನು ಬಬಲೇಶ್ವರದ ವಿದ್ಯಾರ್ಥಿಯೆಂದು ಭಾವಿಸಿ, ಪ್ರವಾಸಕ್ಕೆ ಹಣ ಕೋರಿ ತಂದೆಗೆ ಪತ್ರ ಬರೆಯಿರಿ.’ ಬಬಲೇಶ್ವರದಲ್ಲೇ ಹುಟ್ಟಿ ಬೆಳೆದವನು ತನ್ನನ್ನು ಬಬಲೇಶ್ವರದವನೆಂದು ಭಾವಿಸುವುದು ಅದ್ವೈತದಷ್ಟೇ ಕಠಿಣ. ಪರೀಕ್ಷಾ ಕೇಂದ್ರದ ಗೇಟಿನಾಚೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿರುವ ಅಪ್ಪನಿಗೆ ಅವನು ‘ನಾನು ಇಲ್ಲಿ ಕ್ಷೇಮ, ತಾವು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ’ ಎಂದು ಬರೆಯುತ್ತಾನೆ.

ವಿಜ್ಞಾನ: ಪರೀಕ್ಷೆಯ ಮಾರ್ಚಿನಲ್ಲೇ ತಿಕೋಟಾದ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗುತ್ತಿರುತ್ತದೆ. ಅಲ್ಲಿನ ಹುಡುಗ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಬಲೆಯ ಮೇಲೆ ಹರವಿ, ಕೈ ತೊಳೆದು ಪರೀಕ್ಷೆಗೆ ಬಂದಿದ್ದಾನೆ. ಸಿಪ್ಪೆಯ ಮೇಣ ಸಡಿಲಾದರೆ ಒಳಗಿನ ನೀರು ಬೇಗ ಆರುವುದೆಂದು ಬಲ್ಲ. ‘ಆವಿಯಾಗುವಿಕೆ ಎಂದರೇನು?’ ಎಂಬುದಕ್ಕೆ ‘ಅದ್ದಿ ಹಾಕಿದರ ಲಗೂ ಒಣಗತೈತಿ, ಮ್ವಾಡ ಬಂದರ ಲುಕ್ಸಾನು’ ಎಂದು ಬರೆದ. ಕೀ ಉತ್ತರದಲ್ಲಿ ಲುಕ್ಸಾನು ಇರಲಿಲ್ಲ, ಸೊನ್ನೆ. ಹಿಂದಿನ ಬೆಂಚಿನವ ‘ಆವಿಯಾಗುವ ಕ್ರಿಯೆಗೆ ಆವಿಯಾಗುವಿಕೆ ಎನ್ನುವರು’ ಎಂದ, ಪೂರ್ಣ ಅಂಕ.

ಪೂರ್ವಪಕ್ಷ: ಗುಮ್ಮಟದ ಗ್ಯಾಲರಿಯಲ್ಲಿ ಈ ಗೋಡೆಗೆ ಪಿಸುಗುಟ್ಟಿದ್ದು ಎದುರು ಗೋಡೆಗೂ ಕೇಳುತ್ತದಲ್ಲ, ಅದೂ ನ್ಯಾಯವಲ್ಲವೇ? ಹೌದು. ಆದರೆ 2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ಮೇಲೆ ಆ ಶಾಖೆಗೆ ಅನುಯಾಯಿಗಳು ಕಡಿಮೆ.

ಫಲಶ್ರುತಿ: ಈ ಶಾಸ್ತ್ರವನ್ನು ಬಾಯಿಪಾಠ ಮಾಡಿದವರು ಪರೀಕ್ಷೆ-1ರಲ್ಲೇ ಪಾಸು. ಅರ್ಥ ಮಾಡಿಕೊಂಡವರಿಗೆ ಪರೀಕ್ಷೆ-2. ‘ಯಾಕ್ರೀ ಸರ?’ ಎಂದು ಕೇಳಿದವರಿಗೆ ಮುಂದಿನ ವರ್ಷ.