ಟಕ್ ಅಂದ ಮೇಲೂ

ಅಲ್ಲ ರಾಯರೇ, ಒಂದು ನಟ್ಟು ಬಿಗಿ ಮಾಡೋಕೆ ಸಾವಿರಗಟ್ಟಲೆ ಸುರಿದು ಟಾರ್ಕ್ ರೆಂಚ್ ಯಾಕೆ ತಂದ್ರಿ, ಭಗವಂತ ಕೈ ಕೊಟ್ಟಿಲ್ವಾ ಅಂತೀರಲ್ಲ. ಕೊಟ್ಟಿದ್ದಾನೆ. ಸಮಯಕ್ಕೆ ಸರಿಯಾಗಿ ಆ ಕೈಯೇ ಕೈ ಕೊಡುತ್ತೆ! ಬೆಳಿಗ್ಗೆ ಕಾಫಿ ಕುಡಿದು ಕೂತ ಕೈಯ ಬಿಗಿಯೇ ಬೇರೆ, ಸಂಜೆ ಮಾರ್ಕೆಟ್ಟಿಂದ ಚೀಲ ಹೊತ್ತು ಬಂದ ಕೈಯ ಬಿಗಿಯೇ ಬೇರೆ. ಗ್ಯಾರೇಜಿನ ಹುಡುಗರ ಮಾತು ಬಿಡಿ, ದಿನಾ ಬೋಲ್ಟು ತಿರುಗಿಸಿ ತಿರುಗಿಸಿ ಅವರ ಬೆರಳಿಗೇ ಲೆಕ್ಕ ಗೊತ್ತಿರುತ್ತೆ. ನಾವು ವರ್ಷಕ್ಕೊಂದು ಸಲ ಲುಂಗಿ ಎತ್ತಿ ಕಟ್ಟಿ ಕೂರೋ ಗಿರಾಕಿಗಳು.

ನಮ್ಮ ಸ್ಕೂಟರನ್ನೇ ತಗೊಳ್ಳಿ. ಗೇರಿಲ್ಲದ ಗಾಡಿ ಅಂತ ಕರೆದು ಅಭ್ಯಾಸ ನಮಗೆ, 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗಿನಿಂದ. ಎಡಗಡೆಯ ಉದ್ದ ಕವರ್ ಬಿಚ್ಚಿ ನೋಡಿ, ಅಲ್ಲಿ ನಡೆಯೋದೆಲ್ಲ ಗೇರಿನ ಕೆಲಸವೇ. ಮುಂದೊಂದು ಪುಲ್ಲಿ, ಹಿಂದೊಂದು ಪುಲ್ಲಿ, ನಡುವೆ ಬೆಲ್ಟು. ಮುಂದಿನದನ್ನ ವೇರಿಯೇಟರ್ ಅಂತಾರೆ. ಇಂಜಿನ್ ವೇಗವಾಗಿ ಸುತ್ತಿದಷ್ಟೂ ಅದರೊಳಗಿನ ರೋಲರ್‌ಗಳು ಅಂಚಿನ ಕಡೆ ಓಡ್ತವೆ, ಪುಲ್ಲಿಯ ಎರಡು ಮುಖ ಹತ್ತಿರ ಬರ್ತವೆ, ಬೆಲ್ಟು ಮೇಲೇರುತ್ತೆ. ಅದೇ ಹೊತ್ತಿಗೆ ಹಿಂದಿನ ಪುಲ್ಲಿ ಸ್ಪ್ರಿಂಗಿಗೆ ಎದುರಾಗಿ ಬಾಯಿ ಬಿಡುತ್ತೆ, ಬೆಲ್ಟು ಅಲ್ಲಿ ಒಳಗಿಳಿಯುತ್ತೆ. ಡಾಫ್ ಅನ್ನೋ ಡಚ್ ಕಂಪನಿ ಈ ಥರದ್ದನ್ನ 1958ರಲ್ಲೇ ಕಾರಿಗೆ ಹಾಕಿತ್ತು. ಇನ್ನು ಹಿಂದಿನ ಚಕ್ರದ ಪಕ್ಕ ನಿಜವಾದ ಹಲ್ಲಿನ ಗೇರುಗಳೂ ಇವೆ. ಅದಕ್ಕೆ ಬೇರೆ ಆಯಿಲ್, ನೂರು ಮಿಲಿ ಆಸುಪಾಸು. ಇಂಜಿನ್ ಆಯಿಲ್ ನೆನಪಿಟ್ಟುಕೊಂಡು ಬದಲಾಯಿಸೋರೂ ಇದನ್ನ ಮರೆತುಬಿಡ್ತಾರೆ.

ಬಿಗಿಯ ವಿಷಯಕ್ಕೆ ಬರ್ತೀನಿ. ಒಂದು ಮೀಟರ್ ಉದ್ದದ ಕಂಬಿಯ ತುದಿಗೆ ಒಂದು ಕೇಜಿ ಸಕ್ಕರೆ ನೇತುಹಾಕಿದರೆ ಆಗೋ ತಿರುಚು ಸುಮಾರು 10 ನ್ಯೂಟನ್ ಮೀಟರ್. ಕವರಿನ ಸಣ್ಣ ಬೋಲ್ಟಿಗೆ ಬೇಕಾದ್ದು ಹೆಚ್ಚುಕಮ್ಮಿ ಅಷ್ಟೇ, 10ರಿಂದ 12. ಹದಿನೈದು ಸೆಂಟಿಮೀಟರ್ ಸ್ಪ್ಯಾನರ್ ಹಿಡಿದು ಏಳೆಂಟು ಕೇಜಿ ಒತ್ತಿದರೆ ಸಾಕು. ನಾವೋ, ಹಲ್ಲು ಕಚ್ಚಿ, ಕೊನೆಗೆ 'ಇನ್ನೊಂದು ಸ್ವಲ್ಪ ಇರಲಿ' ಅಂತ ಒಂದು ಎಳೆತ. ಆ ಇನ್ನೊಂದು ಸ್ವಲ್ಪದಲ್ಲೇ ಅಲ್ಯೂಮಿನಿಯಂ ಥ್ರೆಡ್ ಪುಡಿಯಾಗೋದು. ಬೋಲ್ಟು ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗೋಕೆ ಶುರು ಮಾಡಿತು ಅಂದ್ರೆ ಮುಗೀತು, ಲೇತಿನವನ ಹತ್ತಿರ ಹೋಗಿ ಹೊಸ ಥ್ರೆಡ್ ಕೂರಿಸ್ಕೊಂಡು ಬನ್ನಿ.

ಟಾರ್ಕ್ ರೆಂಚಿಗೆ ಬೇಕಾದ ನಂಬರ್ ಇಟ್ಟು ತಿರುಗಿಸಿದರೆ, ಅಷ್ಟು ಬಿಗಿ ಬಂದ ಕೂಡಲೇ ಅದು 'ಟಕ್' ಅನ್ನುತ್ತೆ. ಹಾಗಂತ ಒಂದು ದೊಡ್ಡ ರೆಂಚ್ ತಂದು ಎಲ್ಲಕ್ಕೂ ಅದನ್ನೇ ಹಾಕಿದರೆ ಇನ್ನೂ ಅಪಾಯ. ಸಾಕೆಟ್ ಕೂರೋ ಚೌಕ ಅರ್ಧ ಇಂಚಿರೋದು ಸಾಮಾನ್ಯವಾಗಿ ಶುರುವಾಗೋದೇ 30 ಇಲ್ಲ 40 ನ್ಯೂಟನ್ ಮೀಟರಿನಿಂದ. ಹತ್ತರ ಬೋಲ್ಟಿಗೆ ಅದನ್ನ ಹಿಡಿದು 'ಟಕ್' ಅನ್ನಲಿ ಅಂತ ಕಾಯ್ತಾ ಕೂತರೆ ಅದು ಅನ್ನೋದಿಲ್ಲ, ಅಷ್ಟರಲ್ಲಿ ಬೋಲ್ಟು ಕಟ್ಟಾಗಿರುತ್ತೆ. ಸಣ್ಣವಕ್ಕೆ ಕಾಲಿಂಚಿನದು ಬೇರೆ ಬೇಕು. ಹೌದು, ಎರಡು. ಮನೆಯವಳೂ ನಿಮ್ಮ ಹಾಗೇ ನೋಡಿದಳು.

ದೊಡ್ಡದಕ್ಕೆ ಕೆಲಸ ಬೀಳೋದು ವೇರಿಯೇಟರ್ ನಟ್ಟಿಗೆ. ಗಾಡಿ ನೋಡಿಕೊಂಡು ಐವತ್ತು ಅರವತ್ತು, ಕೆಲವಕ್ಕೆ ನೂರು ದಾಟುತ್ತೆ. ಸರ್ವಿಸ್ ಮ್ಯಾನ್ಯುಯಲ್ ನೋಡದೆ ಕೈ ಹಾಕಬಾರದು. ನಟ್ಟು ತಿರುಗಿಸುವಾಗ ಪುಲ್ಲಿ ಜೊತೆಗೇ ಸುತ್ತದ ಹಾಗೆ ಹೋಲ್ಡರಿನಲ್ಲಿ ಹಿಡೀಬೇಕು. ಕೆಲವರು ಅಲ್ಲಿರೋ ಫ್ಯಾನಿನ ರೆಕ್ಕೆಗೆ ಸ್ಕ್ರೂಡ್ರೈವರ್ ತುರುಕ್ತಾರೆ, ರೆಕ್ಕೆ ಲಟಕ್ ಅಂತ ಮುರಿಯುತ್ತೆ. ಅವರ ಬುದ್ಧಿಗೆ ನಾನೇನೂ ಹೇಳಲ್ಲ.

ರೆಂಚ್ ಇದೆ, ನಂಬರ್ ಇದೆ, ಇನ್ನೇನು ಅಂದ್ಕೊಂಡ್ರಾ? ಮೋಸ ಇರೋದೇ ಇಲ್ಲಿ. ಬೆಲ್ಟು ಹಾಕಿದ ಮೇಲೆ ಮುಂದಿನ ಪುಲ್ಲಿಯ ಹೊರಮುಖ ಇಟ್ಟು ನಟ್ಟು ತಿರುಗಿಸ್ತೀರಿ. ಆ ಮುಖ ಒಳಗಿನ ಉಕ್ಕಿನ ಬುಷ್‌ಗೆ ಹೋಗಿ ಆನಿಕೊಳ್ಳಬೇಕು. ಆದರೆ ಹಿಂದಿನ ಪುಲ್ಲಿಯ ಸ್ಪ್ರಿಂಗ್ ಬೆಲ್ಟನ್ನ ಅಂಚಿಗೆ ತಳ್ಳಿರುತ್ತಲ್ಲ, ಮುಂದೆ ಬೆಲ್ಟು ಸೆಟೆದು ಎರಡು ಮುಖಗಳ ನಡುವೆ ಸಿಕ್ಕಿಕೊಳ್ಳುತ್ತೆ. ನಟ್ಟು ಆಗ ಬುಷ್ ಬದಲು ರಬ್ಬರನ್ನ ಹಿಸುಕ್ತಾ ಇರುತ್ತೆ. ರೆಂಚಿಗೆ ಅದೇನು ಗೊತ್ತು? ಬಿಗಿ ಬಂತು, 'ಟಕ್' ಅಂತು. ನೀವು ಕೈ ತೊಳೆದು ಊಟಕ್ಕೆ ಹೋದ್ರಿ. ಮಾರನೇ ದಿನ ಗಾಡಿ ಓಡಿದಾಗ ಬೆಲ್ಟು ಜರುಗಿ ತನ್ನ ಜಾಗ ಹಿಡಿಯುತ್ತೆ, ನಟ್ಟು ಸಡಿಲ. ಸಡಿಲ ಪುಲ್ಲಿ ಕ್ರ್ಯಾಂಕ್ ಶಾಫ್ಟಿನ ಮೇಲಿನ ಹಲ್ಲುಗಳನ್ನ ಅರೆದು ಅರೆದು ತಿನ್ನುತ್ತೆ. ಬೆಲ್ಟಿನ ಖರ್ಚಲ್ಲಿ ಮುಗಿಯೋದು ಪೂರಾ ಇಂಜಿನ್ ಬಿಚ್ಚೋ ಖರ್ಚಿಗೆ ಬಂತಲ್ಲ!

ಅದಕ್ಕೇ ಮೊದಲು ಹಿಂದಿನ ಪುಲ್ಲಿಯ ಎರಡು ಮುಖ ಅಗಲಿಸಿ ಬೆಲ್ಟನ್ನ ಆಳಕ್ಕೆ ಒತ್ತಿಬಿಡಬೇಕು. ಸ್ಪ್ರಿಂಗ್ ಗಟ್ಟಿ ಇರುತ್ತೆ, ಬೆರಳು ಜೋಪಾನ. ಆಗ ಮುಂದೆ ಬೆಲ್ಟು ಜೋತುಬೀಳುತ್ತೆ. ಆ ಜೋಲು ಕಣ್ಣಿಗೆ ಕಂಡ ಮೇಲೇ ಹೊರಮುಖ ಹಲ್ಲಿಗೆ ಹಲ್ಲು ಕೂರಿಸಿ, ನಟ್ಟನ್ನ ಬರಿಗೈಯಲ್ಲಿ ಕೊನೆವರೆಗೂ ತಿರುಗಿಸೋದು. ನಟ್ಟಿನಾಚೆ ಶಾಫ್ಟಿನ ಥ್ರೆಡ್ ಸ್ವಲ್ಪ ಇಣುಕಿತಾ, ಮುಂದೆ ಬೆಲ್ಟು ಇನ್ನೂ ಸಡಿಲ ಇದೆಯಾ ಅಂತ ನೋಡಿಕೊಂಡು ಆಮೇಲೆ ರೆಂಚ್. ಒಂದೇ 'ಟಕ್', ಇನ್ನೊಂದು ಸಲ ಅನ್ನಿಸೋ ಚಪಲ ಬೇಡ.

ಥ್ರೆಡ್ಡಿಗೆ ಆಯಿಲ್ ಸವರೋದಾ? ಮ್ಯಾನ್ಯುಯಲ್ ಸವರು ಅಂದಿದ್ದರೆ ಮಾತ್ರ. ನಾವು ಹಾಕೋ ಬಲದಲ್ಲಿ ಬಹುಪಾಲು, ಸುಮಾರು ನೂರಕ್ಕೆ ತೊಂಬತ್ತು, ಉಜ್ಜಾಟಕ್ಕೇ ಹೋಗುತ್ತೆ. ಬೋಲ್ಟನ್ನ ನಿಜಕ್ಕೂ ಎಳೆದು ಹಿಡಿಯೋದು ಉಳಿದ ಚೂರು. ಜಿಡ್ಡು ಬಿದ್ದರೆ ಉಜ್ಜಾಟ ತಗ್ಗಿ, ಅದೇ ನಂಬರಿಗೆ ಬಿಗಿ ಎಷ್ಟೋ ಜಾಸ್ತಿಯಾಗುತ್ತೆ.

ಭಾನುವಾರ ನಿಮ್ಮ ಮಗಳ ಗಾಡಿ ಬಿಚ್ಚೋಣ ಅಂದ್ರಲ್ಲ, ಬೆಲ್ಟಿನ ಜೊತೆ ಕವರ್ ಗ್ಯಾಸ್ಕೆಟ್ಟು, ಗೇರ್ ಆಯಿಲ್ ಬೋಲ್ಟಿನ ವಾಷರ್ ತಂದಿಟ್ಟಿರಿ. ರೆಂಚ್ ನಾನು ತರ್ತೀನಿ. ಆದರೆ ಅದರಲ್ಲಿ ತುಕ್ಕು ಹಿಡಿದ ನಟ್ಟು ಬಿಚ್ಚೋಕೆ ಮಾತ್ರ ಕೊಡಲ್ಲ, ಒಳಗಿನ ಅಳತೆ ಕೆಟ್ಟುಹೋಗುತ್ತೆ. ಬಿಚ್ಚೋಕೆ ನಿಮ್ಮ ಉದ್ದ ಪೈಪು ಇದೆಯಲ್ಲ, ಅದನ್ನೇ ತೆಗೆದಿಡಿ.