ಮರಿ ಬರುವ ಮುಂಚೆ ಕುಲಾವಿ

ಆನ್‌ಲೈನ್ ನಾಯಿಮರಿ ಮೋಸದಲ್ಲಿ ಮಾರುವವನ ಬಳಿ ನಾಯಿಯೇ ಇರುವುದಿಲ್ಲ. ಅವನ ಬಂಡವಾಳವೆಲ್ಲ ಒಂದು ಫೋಟೊ, ಒಂದು ಸಿಮ್ ಕಾರ್ಡು, ಇನ್ಯಾರದೋ ಹೆಸರಿನ ಬ್ಯಾಂಕ್ ಖಾತೆ. ಫೋಟೊದಲ್ಲಿರುವ ಮರಿ ಈ ಹೊತ್ತಿಗೆ ಯಾವುದೋ ದೇಶದ ಯಾರದೋ ಸೋಫಾದ ಮೇಲೆ ಮುದಿಯಾಗಿ ಮಲಗಿರಬಹುದು. ಜಾಹೀರಾತಿನಲ್ಲಿ ಮಾತ್ರ ಅದಕ್ಕೆ ಎಂದೆಂದಿಗೂ 45 ದಿನ. ಅದಕ್ಕೆ ಹಸಿವಿಲ್ಲ, ಹುಳದ ಔಷಧಿ ಬೇಕಿಲ್ಲ, ಒಂದೇ ದಿನ ಹತ್ತು ಊರಿಗೆ ಮಾರಾಟವಾದರೂ ದಣಿವಿಲ್ಲ. ಸಾಕಲು ಇದಕ್ಕಿಂತ ಅಗ್ಗದ ನಾಯಿ ಇನ್ನೊಂದಿಲ್ಲ.

ಜಾಹೀರಾತಿಗೆ ತನ್ನದೇ ಒಂದು ಮಂತ್ರಪಾಠವಿದೆ: ಪ್ಯೂರ್ ಬ್ರೀಡ್, ಹೆವಿ ಬೋನ್, ಶೋ ಕ್ವಾಲಿಟಿ, ಕೆಸಿಐ ಪೇಪರ್ ಸಹಿತ. ಬೆಲೆ ಮಾತ್ರ ಪೇಟೆಯ ದರದ ಅರ್ಧಕ್ಕೂ ಇಳಿದಿರುತ್ತದೆ. ಇಷ್ಟು ಅಗ್ಗ ಯಾಕೆ ಎಂದು ಕೇಳುವ ಮೊದಲೇ ಉತ್ತರ ಸಿದ್ಧ. ಮಾರುವವನು ಸೇನೆಯಲ್ಲಿದ್ದಾನೆ, ಗಡಿಗೆ ವರ್ಗವಾಗಿದೆ. ಇಲ್ಲವೇ ಹೆಂಡತಿಗೆ ಅಲರ್ಜಿ. ಇಲ್ಲವೇ ಕುಟುಂಬವೆಲ್ಲ ದುಬೈಗೆ ಹೊರಟಿದೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕೇಳದೆಯೇ ಬರುತ್ತವೆ. 'ನಮಗೆ ದುಡ್ಡು ಮುಖ್ಯ ಅಲ್ಲ ಸರ್, ಮರಿಗೆ ಒಳ್ಳೆ ಮನೆ ಸಿಗಬೇಕು' ಎಂಬ ಮಾತು ಇಲ್ಲಿ ಬರುತ್ತದೆ. ಆಮೇಲೆ ಅವನೇ ಪ್ರಶ್ನೆ ಶುರುಮಾಡುತ್ತಾನೆ: ಸ್ವಂತ ಮನೆಯೇ? ಮಕ್ಕಳಿದ್ದಾರೆಯೇ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಹೆಣ್ಣು ಕೊಡುವ ಮಾವನಂತೆ ಅವನು ವಿಚಾರಿಸುತ್ತ ಹೋದಂತೆ, ಅವನ ಊರು ಯಾವುದೆಂದು ಕೇಳುವುದನ್ನು ಕೊಳ್ಳುವವರು ಮರೆಯುತ್ತಾರೆ. ಕೊನೆಗೆ 'ನೀವೇ ಸರಿ' ಎಂದು ಒಪ್ಪಿಗೆ ಸಿಕ್ಕಾಗ ಇಡೀ ಮನೆ ಹಿಗ್ಗುತ್ತದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯ ಭಾಗ ನಡೆಯುವುದು ಇದರ ನಂತರ. ಮಗ ಸಿಂಬಾ ಎನ್ನುತ್ತಾನೆ, ಮಗಳು ಚಾರ್ಲಿ ಎನ್ನುತ್ತಾಳೆ. 'ನಾಯಿ ನನ್ನ ಅಡುಗೆಮನೆಗೆ ಬರಕೂಡದು' ಎಂದ ಅಜ್ಜಿಯೇ ಹಳೆಯ ಕಂಬಳಿ ಹುಡುಕಿ ಒಗೆದು ಹಾಕುತ್ತಾರೆ. ಬೆಲ್ಟು, ಬಟ್ಟಲು ಮನೆಗೆ ಬರುತ್ತವೆ. ಮೋಸದ ನಿಜವಾದ ಕೀಲಿ ಇದೇ. ಹೆಸರಿಡುವ ತನಕ ಅವರು ಗಿರಾಕಿಗಳು. ಹೆಸರಿಟ್ಟ ಮೇಲೆ ಮನೆಯ ಮರಿಯೊಂದು ದಾರಿಯಲ್ಲಿ ಸಿಕ್ಕಿಕೊಂಡಿದೆ ಎಂದು ಒದ್ದಾಡುವ ಪೋಷಕರು. ಅತಿಯಾಸೆಯಿಂದ ಕೆಟ್ಟರು ಎಂದು ನೆರೆಹೊರೆಯವರು ಹೇಳುವುದು ಸುಲಭ. ಅಗ್ಗದಾಸೆಯಿಂದ ಹೋಗುವುದು ಮೊದಲ ಕಂತು ಮಾತ್ರ. ಉಳಿದದ್ದೆಲ್ಲ ಹೋಗುವುದು ಕರುಣೆಯಿಂದ.

ಮೊದಲ ಕಂತು ಮುಂಗಡ, ಹೆಚ್ಚೆಂದರೆ ಕೆಲವು ಸಾವಿರ. ಮರುದಿನ 'ಕಾರ್ಗೊ ಆಫೀಸ್'ನಿಂದ ವಾಟ್ಸ್‌ಆ್ಯಪ್ ಕರೆ. ಮರಿ ವಿಮಾನ ನಿಲ್ದಾಣ ತಲುಪಿದೆ, ಆದರೆ ಪೆಟ್ಟಿಗೆ ಸರಿಯಿಲ್ಲ, ಎಸಿ ಪೆಟ್ಟಿಗೆಯೇ ಆಗಬೇಕು. ಹಣ ಕಟ್ಟಿ, ಮರಿ ಕೈಸೇರಿದ ಮೇಲೆ ವಾಪಸ್. ಆಮೇಲೆ ವಿಮೆ, ಅದೂ ವಾಪಸ್. ಲಸಿಕೆ ಪತ್ರದಲ್ಲಿ ಒಂದು ಮೊಹರು ಕಡಿಮೆ, ಅದಕ್ಕಿಷ್ಟು. ಹಣ ತಡವಾದರೆ 'ಮರಿ ನಿನ್ನೆಯಿಂದ ಏನೂ ತಿಂದಿಲ್ಲ ಮೇಡಂ' ಎಂಬ ಸಂದೇಶ. ಅದಕ್ಕೂ ಬಗ್ಗದಿದ್ದರೆ, ಪ್ರಾಣಿಯನ್ನು ಅನಾಥವಾಗಿ ಬಿಟ್ಟದ್ದಕ್ಕೆ ನಿಮ್ಮ ಮೇಲೆಯೇ ಕೇಸು ಎಂಬ ಬೆದರಿಕೆ. ಪ್ರತಿ ಕಂತೂ ಈಗಾಗಲೇ ಕೊಟ್ಟದ್ದರ ಮುಂದೆ ಚಿಕ್ಕದಾಗಿ ಕಾಣುತ್ತದೆ. 'ಇದೊಂದು ಕೊಟ್ಟುಬಿಟ್ಟರೆ ಹಿಂದಿನದೂ ಬರುತ್ತದಲ್ಲ' ಎಂಬ ಲೆಕ್ಕ ಎಂಥ ಬುದ್ಧಿವಂತರನ್ನೂ ಎಳೆಯುತ್ತದೆ. ದೆಹರಾದೂನ್‌ನ ಮಹಿಳೆಯೊಬ್ಬರು ಇಂಥ ಒಂದು ಮರಿಗಾಗಿ ಸುಮಾರು 66 ಲಕ್ಷ ರೂಪಾಯಿ ಕಳೆದುಕೊಂಡರು. ಆ ಪ್ರಕರಣದಲ್ಲಿ 2021ರಲ್ಲಿ ಉತ್ತರಾಖಂಡದ ಪೊಲೀಸರು ಕ್ಯಾಮರೂನ್ ದೇಶದವನೊಬ್ಬನನ್ನು ಹಿಡಿದದ್ದು ನಮ್ಮ ಬೆಂಗಳೂರಿನಲ್ಲಿ.

ಇದು ಭಾರತದ್ದಷ್ಟೇ ಕಥೆಯಲ್ಲ. ಬ್ಯಾಸೆಟ್ ಹೌಂಡ್ ಮರಿಗಳ ನಕಲಿ ಜಾಲತಾಣ ನಡೆಸುತ್ತಿದ್ದನೆಂದು ಕ್ಯಾಮರೂನಿನ ಒಬ್ಬನ ಮೇಲೆ 2022ರಲ್ಲಿ ಗೂಗಲ್ ಕಂಪನಿಯೇ ಅಮೆರಿಕದಲ್ಲಿ ದಾವೆ ಹೂಡಿತು. ಅಲ್ಲಿ ಹಣ ಹೋದದ್ದು ಗಿಫ್ಟ್ ಕಾರ್ಡ್ ರೂಪದಲ್ಲಿ. ಇಲ್ಲಿ ಯುಪಿಐ ಇದೆ. ಬೇಸತ್ತವರಿಗೆ ಹಣ ಹಿಂದಿರುಗಿಸುವ ನೆಪದಲ್ಲಿ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾರೆ. ಯುಪಿಐನಲ್ಲಿ ಪಿನ್ ಒತ್ತಬೇಕಾದದ್ದು ಹಣ ಕೊಡಲು, ಪಡೆಯಲು ಅದು ಬೇಕಿಲ್ಲ. ಮರಿಯ ಚಿಂತೆಯಲ್ಲಿರುವವರಿಗೆ ಅದು ಆ ಕ್ಷಣ ಹೊಳೆಯುವುದಿಲ್ಲ.

ಈ ಮೋಸವನ್ನು ಮೊದಲೇ ಹಿಡಿಯಲು ದಾರಿಗಳಿವೆ. ಜಾಹೀರಾತಿನ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ, ಅದೇ ಮರಿ ಲುಧಿಯಾನದಲ್ಲೂ ಲಂಡನ್‌ನಲ್ಲೂ ಮಾರಾಟಕ್ಕಿರುವುದು ಕಾಣಬಹುದು. ಇವತ್ತಿನ ಪತ್ರಿಕೆಯ ಪಕ್ಕದಲ್ಲಿ ಮರಿಯನ್ನು ಕೂರಿಸಿ ವಿಡಿಯೊ ಕರೆ ಮಾಡಿ ಎಂದರೆ ಸೈನಿಕನಿಗೆ ತಟ್ಟನೆ ಡ್ಯೂಟಿ ಬೀಳುತ್ತದೆ. ಲಸಿಕೆ ಪತ್ರವನ್ನೂ ಓದಬೇಕು: ರೇಬಿಸ್ ಚುಚ್ಚುಮದ್ದನ್ನು ಸಾಮಾನ್ಯವಾಗಿ ಹಾಕುವುದು ಮರಿಗೆ ಮೂರು ತಿಂಗಳಾದಾಗ, ಆರು ವಾರದ ಮರಿಯ ಪತ್ರದಲ್ಲಿ ಅದಿದ್ದರೆ ಪತ್ರ ಬರೆದವನಿಗೆ ನಾಯಿಯ ಗಂಧವಿಲ್ಲ. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 45 ದಿನವೆಂದರೆ ಆರು ವಾರ, ಮೇಲೆ ಮೂರು ದಿನ. ಹಾಗಾಗಿ ಆ ಜಾಹೀರಾತು ಸುಳ್ಳಾದರೂ ಅಪರಾಧ, ನಿಜವಾದರೂ ಅಪರಾಧ.

ಎಲ್ಲಕ್ಕಿಂತ ಹಳೆಯ ಉಪಾಯ ಹೋಗಿ ನೋಡುವುದು. ಮುಧೋಳ ತಳಿ ಬೇಕಾದವರು ಬಾಗಲಕೋಟೆ ಜಿಲ್ಲೆಗೆ ಬಸ್ಸು ಹತ್ತಬಹುದು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಎಲ್ಲೇ ಹೋದರೂ ತಾಯಿ ನಾಯಿಯನ್ನು ತೋರಿಸಿ ಎಂದು ಕೇಳಬೇಕು. ಅದು ಬೊಗಳಿದರೆ ಕೊಳ್ಳುವವರು ಸಂತೋಷಪಡಬೇಕು, ನಾಯಿ ಇದೆ ಎಂಬುದಕ್ಕೆ ಅಷ್ಟು ಗಟ್ಟಿ ಸಾಕ್ಷಿ ಬೇರೆ ಯಾವ ಪೇಪರಿನಲ್ಲೂ ಸಿಗುವುದಿಲ್ಲ.

ಹಣ ಹೋಗಿಯೇಬಿಟ್ಟಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು, ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಸಲು ಸಿಗುವುದು ಕೆಲವೇ ಗಂಟೆ. ಬಹಳ ಮಂದಿ ಆ ಹೊತ್ತನ್ನು ನಾಚಿಕೆಯಲ್ಲಿ ಕಳೆಯುತ್ತಾರೆ. ಷೇರು, ಚಿನ್ನ ಎಂದಾದರೂ ಹೇಳಬಹುದಿತ್ತು, ನಾಯಿಮರಿ ಎಂದು ಪೊಲೀಸರ ಮುಂದೆ ಹೇಗೆ ಹೇಳುವುದು ಎಂದು. ದಯವಿಟ್ಟು ಹೇಳಿ. ಆ ಕಡೆ ಫೋನ್ ಎತ್ತಿದವರು ಈ ದೂರನ್ನು ಮೊದಲೂ ಕೇಳಿರುತ್ತಾರೆ.