ಡಲಸ್ ವಿಮಾನ ನಿಲ್ದಾಣದ ಸೊಟ್ಟ ಕಂಬಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕಂಬಗಳೇ,

ಇತ್ತ ನಾನು ಕ್ಷೇಮ. ಅತ್ತ ನಿಮ್ಮ ಕ್ಷೇಮ ಕೇಳುವ ಅಗತ್ಯವೇ ಇಲ್ಲ. 1962ರಿಂದ ವಾಲಿಕೊಂಡೇ ನಿಂತಿದ್ದೀರಿ, ಯಾರೂ ನಿಮಗೆ ನೋಟಿಸ್ ಕೊಟ್ಟಿಲ್ಲ. ನನಗೆ ಬಂದಿದೆ. ಕಾರು ರಿವರ್ಸ್ ತೆಗೆಯುವಾಗ ತಾಗಿಸಿಬಿಟ್ಟೆ, ಮನೆ ಮುಂದಿನ ಮೇಲ್‌ಬಾಕ್ಸಿನ ಕಂಬ ನಾಲ್ಕು ಬೆರಳು ವಾಲಿತು. ಮೂರನೇ ದಿನಕ್ಕೆ ಬಡಾವಣೆಯ ಅಸೋಸಿಯೇಷನ್‌ನಿಂದ ಫೋಟೊ ಸಮೇತ ಕಾಗದ: ಹದಿನಾಲ್ಕು ದಿನದೊಳಗೆ ನೆಟ್ಟಗೆ ಮಾಡತಕ್ಕದ್ದು. ಅನುಮಾನ ಉಳಿಯದಿರಲೆಂದು ಫೋಟೊದಲ್ಲಿ ಕಂಬದ ಪಕ್ಕ ಕೆಂಪು ಗೆರೆ ಬೇರೆ ಎಳೆದಿದ್ದರು.

ಅದೇ ವಾರ ಊರಿಂದ ಬಂದ ಅಮ್ಮನನ್ನು ಕರೆತರಲು ವಾಷಿಂಗ್ಟನ್ ಹತ್ತಿರದ ನಿಮ್ಮ ನಿಲ್ದಾಣಕ್ಕೆ ಬಂದೆ. ಕೆಳಗಿನ ಬಾಗಿಲಿನಿಂದ ಹೊರಬಿದ್ದವಳನ್ನು, ಕಾಲು ನೋವು ಅಂದರೂ ಬಿಡದೆ, ಮೇಲಿನ ಹಜಾರಕ್ಕೆ ಕರೆದೊಯ್ದೆ. ಕೆಂಪು ಗೆರೆ ಕಂಡಂದಿನಿಂದ ಯಾವ ಕಂಬ ಕಂಡರೂ ಅಳೆಯುವ ಚಟ ಹತ್ತಿತ್ತು. ವಾಸ್ತುಶಿಲ್ಪಿ ಈರೋ ಸಾರಿನೆನ್ ನಿಮ್ಮನ್ನು ಎರಡು ಸಾಲಲ್ಲಿ, ಸಾಲಿಗೆ 16ರಂತೆ, 40 ಅಡಿಗೊಬ್ಬರನ್ನು ನಿಲ್ಲಿಸಿದ. ರಸ್ತೆ ಕಡೆಯವರು 65 ಅಡಿ, ವಿಮಾನದ ಕಡೆಯವರು 40 ಅಡಿ. ಒಬ್ಬರಾದರೂ ನೆಟ್ಟಗಿದ್ದೀರಾ?

ಅಮ್ಮ ತಲೆಯೆತ್ತಿ ನೋಡಿದಳು. “ಮಧ್ಯದಲ್ಲಿ ಜೋಲು ಬಿದ್ದಿದೆಯಲ್ಲೋ ಸೂರು! ಒದ್ದೆ ಕಂಬಳಿ ಹರವಿದ ಹಗ್ಗದ ಹಾಗೆ.”

ಅಷ್ಟೇ ವಿಷಯ. ನಿಮ್ಮ ಸೂರು ನಿಮ್ಮ ಮೇಲೆ ಕೂತಿಲ್ಲ, ನಿಮ್ಮ ನಡುವೆ ತೂಗುಬಿದ್ದಿದೆ. ಒಂದು ಸಾಲಿನ ತಲೆಯಿಂದ ಇನ್ನೊಂದಕ್ಕೆ ಉಕ್ಕಿನ ಹಗ್ಗ, ಹಗ್ಗಗಳ ನಡುವೆ ಕಾಂಕ್ರೀಟ್ ಹಲಗೆ. ಹಿತ್ತಲಲ್ಲಿ ಒದ್ದೆ ಕಂಬಳಿ ಹಾಕಿದರೆ ಗೂಟಗಳೆರಡೂ ಒಳಕ್ಕೆ ವಾಲುವುದು ಅಮ್ಮನಿಗೆ ಗೊತ್ತು. ಹಗ್ಗ ಬಿಗಿದಷ್ಟೂ ಎಳೆತ ಹೆಚ್ಚು, ಜೋಲು ಬಿಟ್ಟಷ್ಟೂ ಕಡಿಮೆ. ಆ ಎಳೆತಕ್ಕೆ ಎದುರಾಗಿ ನೀವು ಮೊದಲೇ ಹೊರಕ್ಕೆ ವಾಲಿ ನಿಂತಿರಿ, ಹಗ್ಗ ಜಗ್ಗುವವರ ಹಾಗೆ. ಗಾಳಿಗೆ ಸೂರು ಪಟಪಟ ಅನ್ನದಿರಲು ಆ ಕಾಂಕ್ರೀಟಿನ ಭಾರವೇ ಬಟ್ಟೆ ಕ್ಲಿಪ್ಪು. ನಿಮ್ಮ ತಲೆಗಳು ಸೂರಿನ ಅಂಚನ್ನು ತೂರಿ ಮೇಲೆ ಬಂದು, ಬೆರಳು ಮಡಿಸಿದಂತೆ ಅದನ್ನು ಹಿಡಿದಿರುವುದನ್ನು ಅಮ್ಮನಿಗೆ ತೋರಿಸಿದೆ. “ಕೈ ನೋಯಲ್ವೇನೋ ಪಾಪ,” ಅಂದಳು.

ಒಂದು ವಿಷಯಕ್ಕೆ ಮಾತ್ರ ನಿಮ್ಮ ಮೇಲೆ ಅಸಮಾಧಾನ. ಲೆಕ್ಕಕ್ಕೆ ಬೇಕಿದ್ದಕ್ಕಿಂತ ಹೆಚ್ಚೇ ವಾಲಿದ್ದೀರಿ. ಕಣ್ಣಿಗೆ ಹೊಡೆಯಲಿ ಎಂದು ಸಾರಿನೆನ್ ಬೇಕೆಂದೇ ಮಾಡಿದ್ದು. ಅಂದರೆ ನಾಲ್ಕು ಬೆರಳು ತಪ್ಪು, ನಾಲ್ಕು ಮೊಳ ಕಲೆ! 1990ರ ದಶಕದಲ್ಲಿ 600 ಅಡಿಯ ಕಟ್ಟಡವನ್ನು 1,240 ಅಡಿಗೆ ಬೆಳೆಸಿದಾಗಲೂ ಹೊಸ ಕಂಬಗಳನ್ನು ಅಷ್ಟೇ ಸೊಟ್ಟಗೆ ನಿಲ್ಲಿಸಿದರು.

ಇಲ್ಲಿಂದ ನಾಲ್ಕೈದು ಗಂಟೆ ಕಾರಿನಲ್ಲಿ ಹೋದರೆ ನಾರ್ತ್ ಕ್ಯಾರೊಲೈನಾದ ರ್‍ಯಾಲಿಯಲ್ಲಿ ನಿಮ್ಮ ಹಿರಿಯಕ್ಕ ಇದ್ದಾಳೆ, 1952ರ ಡಾರ್ಟನ್ ಅರೀನಾ. ದನಗಳ ಪ್ರದರ್ಶನಕ್ಕೆಂದು ಕಟ್ಟಿದ ಆ ಅಂಗಣದಲ್ಲಿ ಎರಡು ದೈತ್ಯ ಕಮಾನುಗಳು ಹೊರಕ್ಕೆ ಮಲಗಿ ಒಂದನ್ನೊಂದು ದಾಟುತ್ತವೆ, ನಡುವೆ ಕುದುರೆ ಜೀನಿನಂಥ ಹಗ್ಗದ ಸೂರು. ಅದನ್ನು ಕಲ್ಪಿಸಿದ ಮ್ಯಾಥ್ಯೂ ನೊವಿಟ್ಸ್ಕಿ ನಮ್ಮ ಚಂಡೀಗಢದ ಕೆಲಸಕ್ಕೆಂದು ಬಂದು ಹಿಂತಿರುಗುವಾಗ, 1950ರ ಆಗಸ್ಟ್ 31ರಂದು, ಈಜಿಪ್ಟಿನಲ್ಲಿ ವಿಮಾನ ಬಿದ್ದು ತೀರಿಕೊಂಡ. ಸಾರಿನೆನ್ ತೀರಿಕೊಂಡದ್ದು 1961ರ ಸೆಪ್ಟೆಂಬರ್ 1ಕ್ಕೆ; ಮರುವರ್ಷ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿ ನಿಮ್ಮ ಉದ್ಘಾಟನೆಗೆ ಬಂದಾಗ ಅವನಿರಲಿಲ್ಲ. ತಾವು ಕಲ್ಪಿಸಿದ ಕಟ್ಟಡ ಪೂರ್ತಿಯಾದದ್ದನ್ನು ನೋಡುವ ಯೋಗ ಇಬ್ಬರಿಗೂ ಇರಲಿಲ್ಲ.

ಇರಲಿ. ಅಸೋಸಿಯೇಷನ್‌ಗೆ ನಿಮ್ಮ ಫೋಟೊ ಲಗತ್ತಿಸಿ ಉತ್ತರ ಬರೆದೆ. ವಾಲಿದ ಕಂಬಕ್ಕೆ ಪೂರ್ವಾನುಮತಿ ಬೇಕು, ಅರ್ಜಿ ಲಗತ್ತಿಸಿದೆ ಎಂದು ಮಾರುತ್ತರ ಬಂತು. ಅರ್ಜಿಯ ಏಳನೇ ಕಲಂ: ವಾಲಲು ಕಾರಣ. ನಿಮಗಾದರೆ ಒಂದು ಸೂರೇ ಕಾರಣ. ನನ್ನ ಕಂಬ ಹೊತ್ತಿರುವುದು ಪಿಜ್ಜಾ ಕೂಪನ್ನು, ಕರೆಂಟ್ ಬಿಲ್ಲು.

ಅಮ್ಮನ ಸಲಹೆ: ಕಂಬದಿಂದ ಎದುರಿನ ಮೇಪಲ್ ಮರಕ್ಕೆ ಹಗ್ಗ ಕಟ್ಟಿ ಅವಳ ಸೀರೆ ಒಣಹಾಕುವುದು. ವಾಲಿದ್ದಕ್ಕೆ ಕಾರಣವೂ ಆಯಿತು, ಬಟ್ಟೆಯೂ ಒಣಗಿತು. ನಿಯಮಾವಳಿ ತೆಗೆದು ನೋಡಿದೆ. ಮನೆ ಮುಂದೆ ಬಟ್ಟೆ ಒಣಹಾಕುವುದಕ್ಕೆ ಪ್ರತ್ಯೇಕ ದಂಡವಿದೆ.

ಶನಿವಾರ ರಸಮಟ್ಟ ಹಿಡಿದು ಗುಂಡಿ ತೋಡುವವನಿದ್ದೇನೆ.

ಇತಿ,
ನಾಲ್ಕು ಬೆರಳಿನ ಅಪರಾಧಿ